ಪರದೆ ದೊಡ್ಡದಾಯಿತು, ಗೇಟು ಸಣ್ಣದಾಗಿಯೇ ಉಳಿಯಿತು!

ಮಳೆಗಾಲ ಮುಗಿದು ಮೈದಾನ ಒಣಗಿದ್ದೇ ತಡ, ಭಟ್ಕಳದಿಂದ ಕುಮಟಾದ ತನಕ ಲೈಟಿನ ಕಂಬಗಳು ಏಳುತ್ತವೆ. ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್. ಬಸ್‌ಸ್ಟ್ಯಾಂಡಿನ ಸುತ್ತ ಬ್ಯಾನರುಗಳ ಸಾಲು. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಯಂತ್ರಗಳ ಮೆರುಗೂ ಸೇರಿದೆ. ಕಂಬಕ್ಕೆ ಕ್ಯಾಮೆರಾ, ಮೂಲೆಗೆ ಎಲ್‌ಇಡಿ ಪರದೆ, ಯೂಟ್ಯೂಬಿನಲ್ಲಿ ನೇರ ಪ್ರಸಾರ. ದುಬೈಯಲ್ಲಿ ದುಡಿಯುವ ಭಟ್ಕಳದ ಹುಡುಗ ರಾತ್ರಿ ಕೋಣೆಯಲ್ಲಿ ಮಲಗಿಕೊಂಡೇ ತನ್ನೂರಿನ ಮ್ಯಾಚು ನೋಡಬಹುದು. ಬೇಡ ಅನ್ನುವವರು ಯಾರು? ಒಳ್ಳೆಯದೇ.

ಆದರೆ ಹೊನ್ನಾವರದ ಚಾ ಅಂಗಡಿಯೊಂದರಲ್ಲಿ ಕೇಳಿಬಂದ ಮಾತು ಬೇರೆಯೇ ಇದೆ. “ಎಲ್ಲಾ ಸರಿ ಮಾರಾಯ್ರೆ, ಪರದೆ ಹಾಕ್ತ್ರು, ಡಿಜೆ ಹಾಕ್ತ್ರು. ಹೆಂಗಸ್ರು ಮಕ್ಳು ಬಂದ್ರೆ ಪಾಯಿಖಾನೆಗೆ ಎಲ್ಲಿಗೆ ಹೋಗೂದು? ಮ್ಯಾಚ್ ಮುಗ್ದ ಮೇಲೆ ಬಸ್ಸು ಎಲ್ಲಿತ್ತು?”

ಈ ಪ್ರಶ್ನೆಗೆ ಉತ್ತರ ಹುಡುಕಲು ಬೆಂಗಳೂರಿನ ತನಕ ಹೋಗಿ ಬರಬೇಕು.

ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಯಂತ್ರಗಳ ವಿಷಯದಲ್ಲಿ ಹಿಂದೆ ಬಿದ್ದದ್ದಲ್ಲ. 2017ರಲ್ಲಿ ಅಲ್ಲಿ ಹುಲ್ಲಿನ ಅಡಿಗೆ ಪೈಪು ಹಾಕಿ, ಮಳೆ ನೀರನ್ನು ಕೆಳಗಿನಿಂದಲೇ ಎಳೆಯುವ ಸಬ್‌ಏರ್ ಯಂತ್ರ ಕೂರಿಸಿದರು. ಜೋರು ಮಳೆ ಸುರಿದರೂ ನಿಂತ ಕೆಲ ಹೊತ್ತಿನಲ್ಲೇ ಆಟ ಶುರು. ಚಾವಣಿಯ ಮೇಲೆ ಸೌರ ಫಲಕ. ಅಂಪೈರನ ತೀರ್ಪನ್ನು ಸರಿಯೋ ತಪ್ಪೋ ಎಂದು ಪರದೆಯ ಮೇಲೆ ಸಾವಿರಾರು ಜನ ಒಟ್ಟಿಗೆ ನೋಡುತ್ತಾರೆ. 1992ರಲ್ಲಿ ಡರ್ಬನ್ನಿನಲ್ಲಿ ಟಿವಿ ನೋಡಿ ತೀರ್ಪು ಕೊಡುವ ಮೂರನೇ ಅಂಪೈರ್ ಬಂದಾಗ, ಮೊದಲು ರನೌಟ್ ಆಗಿ ಹೊರಟವರು ನಮ್ಮ ತೆಂಡೂಲ್ಕರ್. ಅಲ್ಲಿಂದ ಇಲ್ಲಿಯ ತನಕ ಆಟ ಬಹಳ ದೂರ ಬಂದಿದೆ. ಅಮೆರಿಕದ ಬೇಸ್‌ಬಾಲ್ ಕ್ರೀಡಾಂಗಣಗಳ ಕತೆ ಇನ್ನೂ ಮುಂದೆ. ಫಿಲಡೆಲ್ಫಿಯಾದಲ್ಲಿ 2023ರಲ್ಲಿ, ಕ್ಯಾಮೆರಾಗೆ ಮುಖ ತೋರಿಸಿ ಒಳಗೆ ನಡೆಯುವ ಗೇಟನ್ನೇ ತಂದರು. ಟಿಕೆಟ್ ತೋರಿಸುವ ಕೆಲಸವೂ ಇಲ್ಲ.

ಹೀಗಿರುವಾಗ 2025ರ ಜೂನ್ 4 ಬಂತು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಹದಿನೆಂಟು ವರ್ಷಗಳ ಕಾಯುವಿಕೆಯ ನಂತರ ಕಪ್ ಗೆದ್ದಿತ್ತು. ಮರುದಿನ ಬೆಂಗಳೂರಿನಲ್ಲಿ ಸಂಭ್ರಮ. ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಕ್ಷಣದಲ್ಲಿ ಹಾರಿತು. ಸುಮಾರು 35 ಸಾವಿರ ಜನ ಹಿಡಿಸುವ ಜಾಗದತ್ತ ಲಕ್ಷಗಟ್ಟಲೆ ಜನ ಬಂದರು. ಗೇಟಿನ ಬಳಿ ನೂಕುನುಗ್ಗಲು. 11 ಮಂದಿ ಸತ್ತರು. ಹೆಚ್ಚಿನವರು ಎಳೆಯ ಪ್ರಾಯದವರು. ಆಟ ನೋಡಲಿಕ್ಕೂ ಅಲ್ಲ, ಆಡಿದವರ ಮುಖ ನೋಡಲು ಬಂದವರು.

ಯಾರದು ಎಷ್ಟು ತಪ್ಪು ಎಂಬುದನ್ನು ನ್ಯಾಯಾಲಯ ಹೇಳಲಿ. ಇಲ್ಲಿ ಹೇಳಬೇಕಾದ ಮಾತು ಒಂದೇ. ನೆಲದಡಿಯ ನೀರನ್ನು ಹೊರಗೆ ಹಾಕುವ ಯಂತ್ರ ಅಲ್ಲಿತ್ತು. ಗೇಟಿನ ಎದುರು ಸಿಕ್ಕಿಬಿದ್ದ ಮನುಷ್ಯರನ್ನು ಹೊರಗೆ ತರುವ ದಾರಿ ಇರಲಿಲ್ಲ. ನ್ಯಾಯಮೂರ್ತಿ ಮೈಕೆಲ್ ಡಿ’ಕುನ್ಹಾ ಅವರ ಆಯೋಗ ಅದೇ ವರ್ಷ ಕೊಟ್ಟ ವರದಿಯಲ್ಲಿ, ಆ ಕ್ರೀಡಾಂಗಣದ ಕಟ್ಟಡವೇ ಅಂಥ ದೊಡ್ಡ ಜನಸಂದಣಿಗೆ ತಕ್ಕದ್ದಲ್ಲ ಎಂದಿತು. ದೊಡ್ಡ ಕಾರ್ಯಕ್ರಮದ ಜಾಗಕ್ಕೆ ಏನು ಬೇಕೆಂದೂ ಹೇಳಿತು. ಸಾಲು ನಿಲ್ಲಲು ಜಾಗ, ಸಾಕಷ್ಟು ಗೇಟು, ಬಸ್ಸು ರೈಲಿನ ಸಂಪರ್ಕ. ನೋಡಿ, ಪಟ್ಟಿಯ ತಲೆಯಲ್ಲಿ ಪರದೆ ಇಲ್ಲ, ಬಣ್ಣದ ದೀಪ ಇಲ್ಲ.

ಈಗ ಬೆಂಗಳೂರಿನ ಹೊರಗೆ, ಆನೇಕಲ್ ಕಡೆಯ ಸೂರ್ಯನಗರದಲ್ಲಿ 80 ಸಾವಿರ ಜನರ ಹೊಸ ಕ್ರೀಡಾಂಗಣಕ್ಕೆ ಸರ್ಕಾರ 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಎಲ್ಲಾ ಆಧುನಿಕ ಸೌಕರ್ಯ ಬರಲಿ. ಆದರೆ ಟಿಕೆಟು ಬರೀ ಮೊಬೈಲಿನಲ್ಲಿ ಎಂದಾದರೆ, ಕುಮಟಾದಿಂದ ರಾತ್ರಿ ರೈಲು ಹಿಡಿದು ಬರುವ, ಕೈಯಲ್ಲಿ ಬಟನ್ ಫೋನಿರುವ ಹಿರಿಯರಿಗೆ ಯಾವ ಸೌಕರ್ಯ? ಒಂದು ಕಿಟಕಿಯಾದರೂ ತೆರೆದಿರಬೇಡವೇ?

ಬೆಂಗಳೂರು ದೂರದ ಮಾತಾಯಿತು. ಊರಿನ ಲೆಕ್ಕ ನೋಡೋಣ. ನಮ್ಮ ಕಡೆ ಆಟಕ್ಕೆ ಕಟ್ಟುವ ಗ್ಯಾಲರಿ ಹೆಚ್ಚಾಗಿ ತಾತ್ಕಾಲಿಕ. ಕಂಬ, ಹಲಗೆ, ಹಗ್ಗ. ತೆಲಂಗಾಣದ ಸೂರ್ಯಾಪೇಟೆಯಲ್ಲಿ 2021ರ ಮಾರ್ಚಿನಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿಯ ಹೊತ್ತಿಗೆ ಇಂಥದೇ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಕುಮಟಾದ ಮಣಕಿ ಮೈದಾನದಲ್ಲೋ, ಹೊನ್ನಾವರದಲ್ಲೋ, ಭಟ್ಕಳದಲ್ಲೋ ಹಾಗಾದರೆ ಗತಿ ಏನು? ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಈ ಜಿಲ್ಲೆಯ ಜನ 2022ರಲ್ಲಿ ಬೀದಿಗಿಳಿದು ಕೂಗಿದ್ದು ಯಾರೂ ಮರೆತಿಲ್ಲ. ಕುಮಟಾದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು. ಆಂಬುಲೆನ್ಸಿನ ಒಳಗಿದ್ದವನಿಗೆ ಆ ದೂರ ಗೊತ್ತು.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ. ಯಂತ್ರ ಬೇಡವೆಂದಲ್ಲ. ಒಳಗೆ ಹೋದವರನ್ನು ಎಣಿಸುವ ಕ್ಯಾಮೆರಾ ಇದೆ, ಹಾಕಲಿ. ಮೈದಾನ ತುಂಬಿದೆ, ಮನೆಯಲ್ಲೇ ನೋಡಿ ಎಂದು ಅದೇ ಯೂಟ್ಯೂಬಿನಲ್ಲಿ, ಅದೇ ವಾಟ್ಸಾಪಿನಲ್ಲಿ ಹೇಳಲಿ. ಜನರನ್ನು ಕರೆಯಲು ಬರುವ ಮೊಬೈಲು ಜನರನ್ನು ತಡೆಯಲೂ ಬರುತ್ತದೆ. ಆದರೆ ಮೊದಲು ಒಳಗೆ ಬರಲೊಂದು, ಹೊರಗೆ ಹೋಗಲೊಂದು ಅಗಲದ ಗೇಟು. ಗ್ಯಾಲರಿಯನ್ನು ತಿಳಿದವರಿಂದ ಪರೀಕ್ಷೆ. ಕುಡಿಯುವ ನೀರು. ಹೆಂಗಸರಿಗೆ ಬಾಗಿಲಿರುವ ಶೌಚಾಲಯ. ಬಾಗಿಲಲ್ಲೇ ಆಂಬುಲೆನ್ಸು. ಆಟ ಮುಗಿದ ಮೇಲೆ ಮಂಕಿ, ಮುರ್ಡೇಶ್ವರದ ಕಡೆಗೆ ಒಂದು ಬಸ್ಸು. ಇದಕ್ಕೆ ತಗಲುವ ಖರ್ಚು ಬಾಡಿಗೆ ಪರದೆಯ ಖರ್ಚಿನ ಜೊತೆಗೇ ಬಜೆಟ್ಟಿನಲ್ಲಿ ಬರೆಯುವಂಥದ್ದು.

ಅನುಮತಿ ಕೊಡುವ ಅಧಿಕಾರಿಗಳು ಇಷ್ಟನ್ನು ಕೇಳಿದ ಮೇಲೆಯೇ ಸಹಿ ಹಾಕಲಿ. ದೇಣಿಗೆ ಕೇಳಲು ಬಂದ ಹುಡುಗರಿಗೆ ಅಂಗಡಿಯವರೂ ಕೇಳಲಿ. ಈ ಸಲದ ಕರಪತ್ರದಲ್ಲಿ ಪ್ರಥಮ ಬಹುಮಾನ ಇಷ್ಟು, ದ್ವಿತೀಯ ಬಹುಮಾನ ಇಷ್ಟು ಎಂದು ಬರೆದ ಕೆಳಗೆ ಒಂದು ಸಾಲು ಹೆಚ್ಚಿಗೆ ಇರಲಿ: ಗೇಟು ಎಷ್ಟು, ನೀರು ಎಲ್ಲಿ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ.