ಎಲೆ ತೆಗೆಯುವವರ ಹೊಣೆ

ಶಿರಸಿಯಲ್ಲಿ ಓದುತ್ತಿರುವ ನನ್ನ ಸೋದರಳಿಯ ಕಳೆದ ಬೇಸಿಗೆಯ ರಜೆಗೆ ತೆಲಸಂಗದ ನಮ್ಮ ಮನೆಗೆ ಬರುವಾಗ ಪುಟ್ಟದೊಂದು ಕುಂಡವನ್ನು ಬಹು ಜೋಪಾನವಾಗಿ ಹೊತ್ತು ತಂದಿದ್ದ. ಅದರಲ್ಲಿದ್ದುದು ಜಪಾನಿನ ಮೇಪಲ್ ಗಿಡ. ಕೈಬೆರಳು ಚಾಚಿದಂತೆ ಸೀಳಿದ ಎಲೆಗಳು, ಗೇಣುದ್ದದ ಕಾಂಡ. ಮೇ ಕೊನೆಗೆ ಎಲೆಗಳನ್ನೆಲ್ಲ ತೆಗೆದರೆ ಮತ್ತೆ ಬರುವ ಎಲೆಗಳು ಸಣ್ಣದಾಗಿರುತ್ತವೆಂದು ಅವನು ಎಲ್ಲಿಯೋ ಓದಿಕೊಂಡಿದ್ದ. ಒಂದು ಸಂಜೆ ಕತ್ತರಿ ಹಿಡಿದು ಗಿಡವನ್ನು ಪೂರ್ತಿ ಬೋಳಿಸಿ, ಕುಂಡವನ್ನು ಮಾಳಿಗೆಯ ಮೇಲಿಟ್ಟ. ಬಿಸಿಲಿಗೆ ಹೆದರಿ ದಿನಕ್ಕೆರಡು ಬಾರಿ ನೀರು ಹಾಕಿದ. ಮೂರು ವಾರ ಕಳೆದರೂ ಚಿಗುರು ಬರಲಿಲ್ಲ. ಕುಂಡದಿಂದ ಬಿಡಿಸಿ ನೋಡಿದಾಗ ಬೇರು ಕಪ್ಪಾಗಿ ಕೊಳೆತಿತ್ತು.

ಪರದೇಶದ ಗಿಡ ನಮ್ಮ ನೆಲಕ್ಕೆ ಒಗ್ಗಲಿಲ್ಲವೆಂದು ಮನೆಯವರು ಹೇಳಿದರು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಇದೇ ತೆಲಸಂಗದ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ಪ್ರತಿ ವರ್ಷವೂ ಬಳ್ಳಿಗಳನ್ನು ಬೋಳಿಸುತ್ತಾರೆ. ಬಳ್ಳಿ ಸಾಯುವುದಿಲ್ಲ, ಹಣ್ಣು ಕೊಡುತ್ತದೆ. ಆದುದರಿಂದ ತಪ್ಪು ಎಲೆ ತೆಗೆದುದರಲ್ಲಷ್ಟೇ ಇಲ್ಲ. ಎಲೆ ತೆಗೆಯುವ ಮುನ್ನ ನೋಡಬೇಕಾದುದನ್ನು ನೋಡದೆ, ಆಮೇಲೆ ಮಾಡಬೇಕಾದುದನ್ನು ತಿಳಿಯದೆ ಹೋದುದರಲ್ಲಿದೆ. ಈ ಮಾತು ಕುಂಡದ ಗಿಡಕ್ಕೆ ಮಾತ್ರವಲ್ಲ, ಮಲೆನಾಡಿನ ಬೆಟ್ಟಕ್ಕೂ ಸಲ್ಲುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಎಲೆ ತೆಗೆಯುವುದೇಕೆ?

ಬೋನ್ಸಾಯ್ ಕಲೆಯಲ್ಲಿ ಮೇಪಲ್ ಗಿಡದ ಎಲೆಗಳನ್ನು ತೆಗೆಯುವುದಕ್ಕೆ ಸ್ಪಷ್ಟವಾದ ಕಾರಣಗಳಿವೆ. ವಸಂತದಲ್ಲಿ ಬಂದ ಮೊದಲ ಎಲೆಗಳು ದೊಡ್ಡದಾಗಿ ಹರಡಿ ಒಳಗಿನ ರೆಂಬೆಗಳಿಗೆ ಬೆಳಕನ್ನು ತಡೆಯುತ್ತವೆ; ಬೆಳಕು ಕಾಣದ ಒಳರೆಂಬೆಗಳು ಕ್ರಮೇಣ ಒಣಗುತ್ತವೆ. ಎಲೆಗಳು ಬಲಿತ ಬಳಿಕ ಅವನ್ನು ತೆಗೆದರೆ, ಪ್ರತಿ ತೊಟ್ಟಿನ ಬುಡದಲ್ಲಿ ಮಲಗಿರುವ ಮೊಗ್ಗು ಎಚ್ಚರಗೊಳ್ಳುತ್ತದೆ. ರೆಂಬೆಗಳು ಕವಲೊಡೆಯುತ್ತವೆ, ಎಲೆಗಳು ಚಿಕ್ಕದಾಗುತ್ತವೆ, ಚಿಕ್ಕ ಗಿಡವು ದೊಡ್ಡ ಮರದ ರೂಪವನ್ನು ತಾಳುತ್ತದೆ. ಕತ್ತರಿಸುವಾಗ ಎಲೆಯನ್ನಷ್ಟೇ ತೆಗೆದು ತೊಟ್ಟನ್ನು ಉಳಿಸಬೇಕು. ಮೊಗ್ಗು ಉಬ್ಬಿದಂತೆ ತೊಟ್ಟು ತಾನಾಗಿಯೇ ಉದುರುತ್ತದೆ. ಕೈಯಿಂದ ಎಳೆದು ಕಿತ್ತರೆ ಮೊಗ್ಗಿಗೇ ಪೆಟ್ಟು ಬೀಳುತ್ತದೆ.

ಆದರೆ ಈ ಎರಡನೆಯ ಚಿಗುರು ಎಲ್ಲಿಂದ ಬರುತ್ತದೆ? ಎಲೆಯೇ ಗಿಡದ ಅಡುಗೆಮನೆ. ಅದನ್ನು ಮುಚ್ಚಿದ ಮೇಲೆ ಗಿಡವು ಬೇರು ಕಾಂಡಗಳಲ್ಲಿ ಕೂಡಿಟ್ಟ ಆಹಾರವನ್ನು ಖರ್ಚು ಮಾಡಿ ಹೊಸ ಎಲೆಗಳನ್ನು ಕಟ್ಟಬೇಕು. ಆದಕಾರಣ ಅನುಭವಿಗಳು ದುರ್ಬಲವಾದ ಗಿಡವನ್ನು, ರೋಗ ತಗುಲಿದ ಗಿಡವನ್ನು, ಆ ವರ್ಷ ಕುಂಡ ಬದಲಿಸಿ ಬೇರು ಸವರಿದ ಗಿಡವನ್ನು ಬೋಳಿಸುವುದಿಲ್ಲ. ಬಲವಾದ ಗಿಡವನ್ನೂ ಪ್ರತಿ ವರ್ಷ ಬೋಳಿಸುವುದಿಲ್ಲ. ಮೇಪಲ್ ಎಲೆಗಳು ಎದುರುಬದುರಾಗಿ ಜೋಡಿಯಾಗಿ ಬರುವುದರಿಂದ, ಪ್ರತಿ ಜೋಡಿಯಲ್ಲಿ ಒಂದನ್ನು ಮಾತ್ರ ತೆಗೆದು ಇನ್ನೊಂದನ್ನು ಬಿಡುವ ಸೌಮ್ಯ ಕ್ರಮವೂ ಇದೆ.

ಎಲೆ ತೆಗೆದ ಮೇಲಿನ ಆರೈಕೆ ಅದಕ್ಕಿಂತ ಮುಖ್ಯ. ಕುಂಡದ ನೀರನ್ನು ಮೇಲಕ್ಕೆಳೆದು ಆವಿಯಾಗಿ ಬಿಡುವುದು ಎಲೆಯೇ. ಎಲೆಯಿಲ್ಲದ ಗಿಡಕ್ಕೆ ಹಿಂದಿನಷ್ಟೇ ನೀರು ಹಾಕಿದರೆ ಮಣ್ಣು ಆರುವುದಿಲ್ಲ, ಬೇರು ಉಸಿರುಗಟ್ಟಿ ಕೊಳೆಯುತ್ತದೆ. ನನ್ನ ಸೋದರಳಿಯ ಪ್ರೀತಿಯಿಂದಲೇ ಹಾಕಿದ ನೀರು ಗಿಡವನ್ನು ಕೊಂದಿತು. ಮೇಲ್ಮಣ್ಣನ್ನು ಬೆರಳಿನಿಂದ ಮುಟ್ಟಿ, ಆರುತ್ತಿದೆಯೆಂದು ಕಂಡಾಗ ಮಾತ್ರ ನೀರು ಕೊಡಬೇಕು. ಸುಡುವ ಬಿಸಿಲು ಗಾಳಿಗಳಿಂದ ದೂರ, ಬೆಳಕಿರುವ ನೆರಳಿನಲ್ಲಿ ಇಡಬೇಕು.

ಬೇರೆಯವರ ಪಂಚಾಂಗ

ಎರಡನೆಯ ತಪ್ಪು ತಿಂಗಳಿನದು. ಮೇ ಅಂತ್ಯ, ಜೂನ್ ಆರಂಭವೆಂಬ ಸಲಹೆ ಹುಟ್ಟಿದುದು ಚಳಿಗಾಲದಲ್ಲಿ ಹಿಮ ಬೀಳುವ ನಾಡುಗಳಲ್ಲಿ. ಅಲ್ಲಿ ಅದು ಹಿತವಾದ ಬೇಸಿಗೆಯ ಮೊದಲ ದಿನಗಳು. ಅಥಣಿ ಸೀಮೆಯಲ್ಲಿ ಮೇ ಎಂದರೆ ಕಲ್ಲೂ ಕಾಯುವ ಕಾಲ. ಇದಲ್ಲದೆ ಜಪಾನಿನ ಮೇಪಲ್‌ಗೆ ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುವ ದೀರ್ಘ ನಿದ್ರೆ ಬೇಕು. ಆ ನಿದ್ರೆಗೆ ತಕ್ಕ ಚಳಿ ಬಯಲುಸೀಮೆಯಲ್ಲಿಲ್ಲ, ಸಹ್ಯಾದ್ರಿಯಲ್ಲಿಯೂ ಇಲ್ಲ. ನಮ್ಮ ದೇಶದಲ್ಲಿ ಮೇಪಲ್ ಜಾತಿಯ ಮರಗಳು ತಾವಾಗಿ ಬೆಳೆಯುವುದು ಹಿಮಾಲಯದ ಕಾಡುಗಳಲ್ಲಿ. ತಂಪು ಹವೆಯಿದೆಯೆಂದು ಮಲೆನಾಡಿನ ಮಿತ್ರರು ಹಿಗ್ಗಬೇಕಿಲ್ಲ. ತಿಂಗಳುಗಟ್ಟಲೆ ಸುರಿಯುವ ಮಳೆಯಲ್ಲಿ ಕುಂಡದ ಬೇರಿಗೆ ಅಲ್ಲಿ ಬೇರೆಯದೇ ಅಪಾಯ ಕಾದಿದೆ.

ಗಿಡವನ್ನು ತರಿಸುವುದು ಸುಲಭ. ಅದರ ಋತುಗಳನ್ನು ತರಿಸಲಾಗದು.

ತೆಲಸಂಗದ ದ್ರಾಕ್ಷಿ, ಶಿರಸಿಯ ಸೊಪ್ಪು

ಈ ವಿವೇಕಕ್ಕಾಗಿ ನಾವು ಜಪಾನಿಗೆ ಹೋಗಬೇಕಿಲ್ಲ. ನಮ್ಮ ಭಾಗದ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆರಡು ಬಾರಿ ಚಾಟ್ನಿ ಮಾಡುತ್ತಾರೆ. ಏಪ್ರಿಲ್ ಚಾಟ್ನಿಯ ನಂತರ ಬಂದ ಕಡ್ಡಿ ಬೇಸಿಗೆ ಮಳೆಗಾಲಗಳುದ್ದಕ್ಕೂ ಬಲಿಯುತ್ತದೆ. ಅದರ ಎಲೆಗಳು ದುಡಿದು ಕೂಡಿಟ್ಟ ಶಕ್ತಿಯ ಮೇಲೆಯೇ ಅಕ್ಟೋಬರ್ ಚಾಟ್ನಿಯ ಫಲ ನಿಂತಿದೆ. ಅಕ್ಟೋಬರಿನಲ್ಲಿ ಎಲೆ ಉದುರಿಸಿ ಕಡ್ಡಿ ಕತ್ತರಿಸುವ ಮುನ್ನ ಅನುಭವಿ ರೈತ ಕಡ್ಡಿಯ ಬಣ್ಣ ನೋಡುತ್ತಾನೆ, ದಪ್ಪ ನೋಡುತ್ತಾನೆ, ಕಣ್ಣು ಎಣಿಸುತ್ತಾನೆ. ಸೊರಗಿದ ಬಳ್ಳಿಗೆ ಹೆಚ್ಚಿನ ಭಾರ ಹೊರಿಸುವುದಿಲ್ಲ. ಅವನಿಗೆ ಎಲೆ ತೆಗೆಯುವ ದಿನ ಕೆಲಸದ ಕೊನೆಯಲ್ಲ, ಆರಂಭ. ಮುಂದಿನ ನಾಲ್ಕೈದು ತಿಂಗಳು ಅವನು ತೋಟ ಬಿಟ್ಟು ಕದಲುವುದಿಲ್ಲ.

ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೂ ಇದೇ ಲೆಕ್ಕ ಗೊತ್ತಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ನೀಡಿರುವುದು ಸುಮ್ಮನೆಯಲ್ಲ. ಸೊಪ್ಪು ಸವರಿದ ಮರಕ್ಕೆ ಮತ್ತೆ ಚಿಗುರಿ ಚೇತರಿಸಿಕೊಳ್ಳಲು ಬಿಡುವು ಬೇಕು. ಆ ಬಿಡುವು ಸಿಗುವುದು ಬೆಟ್ಟ ವಿಶಾಲವಾಗಿದ್ದು, ಸರದಿ ತಪ್ಪದಿದ್ದಾಗ. ಒಂದೇ ಮರವನ್ನು ತುದಿಯ ತನಕ ವರ್ಷ ವರ್ಷ ಸವರಿದ ಬೆಟ್ಟ ಏನಾಗುತ್ತದೆಂಬುದನ್ನು ಮಲೆನಾಡಿನ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಕುಂಡದ ಮೇಪಲ್, ಚಪ್ಪರದ ದ್ರಾಕ್ಷಿ, ಬೆಟ್ಟದ ಮತ್ತಿ, ಇವು ಮೂರೂ ಒಂದೇ ನಿಯಮಕ್ಕೆ ಒಳಪಟ್ಟಿವೆ: ಎಲೆಯೆಂಬುದು ಬೇರಿನಿಂದ ಪಡೆದ ಸಾಲ, ಮರಳಿಸಲು ಕಾಲಾವಕಾಶ ಕೊಡದಿದ್ದರೆ ಮರ ದಿವಾಳಿಯಾಗುತ್ತದೆ.

ಬೋನ್ಸಾಯ್ ಬೇಡವೇ?

ಮರವನ್ನು ಕುಂಡದಲ್ಲಿ ಕುಬ್ಜಗೊಳಿಸುವುದೇ ಹಿಂಸೆಯೆಂದು ಪರಿಸರಪ್ರಿಯರಲ್ಲಿ ಹಲವರು ವಾದಿಸುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪಲಾರೆ. ಜಪಾನಿನ ಯಮಾಕಿ ಕುಟುಂಬ ಸಾಕಿದ ಬಿಳಿ ಪೈನ್ ಗಿಡವೊಂದು 1625ರಿಂದ ಕುಂಡದಲ್ಲಿ ಬೆಳೆದು ಬಂದಿದೆ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಾಗಲೂ ಅದು ಉಳಿಯಿತು. 1976ರಲ್ಲಿ ಅಮೆರಿಕಕ್ಕೆ ಕಾಣಿಕೆಯಾಗಿ ಹೋಗಿ ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿದೆ. ತಲೆಮಾರುಗಳ ಆರೈಕೆಯಿಲ್ಲದೆ ಇದು ಸಾಧ್ಯವೇ? ಹಿಂಸೆಯಿರುವುದು ಕುಂಡದಲ್ಲಲ್ಲ, ಕತ್ತರಿ ಹಿಡಿದು ಮರೆತುಬಿಡುವ ಕೈಯಲ್ಲಿ. ಆದರೆ ಹಳೆಯ ಗಿಡದ ಚೆಲುವಿಗಾಗಿ ಕಾಡಿನ ಗಿಡಗಳನ್ನು ಅಗೆದು ತರುವುದನ್ನು ಮಾತ್ರ ಯಾವ ಕಲೆಯ ಹೆಸರಿನಲ್ಲಿಯೂ ಸಮರ್ಥಿಸಲಾಗದು.

ಹಾಗಾದರೆ ಆಸಕ್ತ ವಿದ್ಯಾರ್ಥಿಗಳು ಯಾವ ಗಿಡ ಸಾಕಬೇಕು? ಉತ್ತರ ನಮ್ಮ ಗೋಡೆಗಳಲ್ಲಿಯೇ ಇದೆ. ಹಕ್ಕಿಗಳು ಉದುರಿಸಿದ ಬೀಜದಿಂದ ಬಾವಿಯ ಕಟ್ಟೆ, ಗುಡಿಯ ಗೋಡೆ, ಹಳೆಯ ಮಾಳಿಗೆಗಳ ಬಿರುಕಿನಲ್ಲಿ ಆಲ, ಅರಳಿ, ಬಸರಿಗಳು ಮೊಳೆಯುತ್ತವೆ. ಕಟ್ಟಡ ಉಳಿಸಲು ಹೇಗೂ ಕಿತ್ತೆಸೆಯುವ ಸಸಿಗಳವು. ಅಂಥದೊಂದನ್ನು ಬೇರಿಗೆ ನೋವಾಗದಂತೆ ಬಿಡಿಸಿ ಕುಂಡದಲ್ಲಿ ನೆಡಿರಿ. ನಮ್ಮ ಎರೆಮಣ್ಣು ಕುಂಡಕ್ಕೆ ಆಗದು, ಅದು ನೀರು ಹಿಡಿದು ಗಟ್ಟಿಯಾಗುತ್ತದೆ. ದಪ್ಪ ಮರಳು, ಇಟ್ಟಿಗೆ ಚೂರು, ಕೊಳೆತ ಗೊಬ್ಬರ ಬೆರೆಸಿ ನೀರು ಇಳಿದುಹೋಗುವಂತೆ ಮಾಡಿರಿ. ಎರಡು ಮೂರು ವರ್ಷ ಕತ್ತರಿಯನ್ನು ಎಲೆಗೆ ತಾಗಿಸಬೇಡಿರಿ. ಬೇರು ಕುಂಡ ತುಂಬಿ ಗಿಡ ಬಲವಾದ ಮೇಲೆ, ಬಯಲುಸೀಮೆಯಲ್ಲಿ ಮೊದಲ ಮಳೆ ಬಿದ್ದು ಝಳ ಇಳಿದಾಗ, ಮಲೆನಾಡಿನಲ್ಲಿ ಮಳೆಗಾಲದ ಮೋಡ ಕವಿಯುವುದಕ್ಕೆ ಸಾಕಷ್ಟು ಮುಂಚೆ, ಬಲಿತ ಎಲೆಗಳನ್ನು ತೊಟ್ಟು ಉಳಿಸಿ ತೆಗೆಯಿರಿ. ಗಾಯದಿಂದ ಹಾಲು ಸೋರುವುದನ್ನು ಕಂಡು ಗಾಬರಿಯಾಗಬೇಡಿರಿ. ಅದು ತಾನೇ ನಿಲ್ಲುತ್ತದೆ. ಮೇಪಲ್ ಎಲೆಯ ಕೆಂಪಿಗೆ ಮನಸೋತವರು ಬಸರಿಯ ಹೊಸ ಚಿಗುರನ್ನೊಮ್ಮೆ ನೋಡಲಿ. ಅದರ ತಾಮ್ರದ ಕೆಂಪು ಯಾವ ಪರದೇಶದ ಬಣ್ಣಕ್ಕೂ ಸೋಲುವಂಥದಲ್ಲ.

ನನ್ನ ಸೋದರಳಿಯ ಈಗ ಬಾವಿಕಟ್ಟೆಯಿಂದ ಬಿಡಿಸಿದ ಬಸರಿಯ ಸಸಿಯೊಂದನ್ನು ಸಾಕುತ್ತಿದ್ದಾನೆ. ಎಲೆ ಯಾವಾಗ ತೆಗೆಯಬೇಕೆಂದು ಮೊನ್ನೆ ದೂರವಾಣಿಯಲ್ಲಿ ಕೇಳಿದ. ನಾನು ತಿಂಗಳನ್ನು ಹೇಳಲಿಲ್ಲ. ಗಿಡ ಬಲವಾಗಿದೆಯೇ, ಈ ವರ್ಷ ಬೇರು ಮುಟ್ಟಿರುವೆಯಾ, ಮುಂದಿನ ಎರಡು ತಿಂಗಳು ನೀನು ಊರಲ್ಲಿರುತ್ತೀಯಾ ಎಂದು ಕೇಳಿದೆ. ಕೊನೆಯ ಪ್ರಶ್ನೆಗೆ ಅವನು ಇಲ್ಲವೆಂದ. ಹಾಗಾದರೆ ಈ ವರ್ಷ ಬೇಡವೆಂದೆ.

ಬೆಟ್ಟಕ್ಕೆ ಕತ್ತಿ ಹಿಡಿದು ಹೋಗುವವರೂ, ಕುಂಡದ ಮುಂದೆ ಕತ್ತರಿ ಹಿಡಿದು ಕೂರುವವರೂ ಈ ಪ್ರಶ್ನೆಗಳನ್ನು ಮೊದಲು ತಮಗೆ ತಾವೇ ಕೇಳಿಕೊಳ್ಳಲಿ. ಚಿಗುರು ಬರುವ ತನಕ ಕಾಯಲಾರದವರಿಗೆ ಎಲೆ ಕೀಳುವ ಹಕ್ಕಿಲ್ಲ.