ಒಂದಕ್ಕೆ ಹೋಗಲೂ ಕಾಸು!

ಸೀರೆ ಸೆರಗಿನ ತುದಿಗೆ ಕುಚ್ಚು ಕಟ್ಟುತ್ತೇವಲ್ಲ, ಅದಕ್ಕೆ ಇಂಗ್ಲಿಷಿನವರು ‘ಫ್ರಿಂಜ್’ ಅಂತಾರೆ. ಇದೇ ಹೆಸರಿನ ನಾಟಕದ ಹಬ್ಬಗಳೂ ಇವೆ ಅಂದರೆ ನಂಬ್ತೀರಾ? 1947ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋ ಊರಿನಲ್ಲಿ ದೊಡ್ಡದೊಂದು ಕಲಾ ಉತ್ಸವ ಏರ್ಪಾಟಾಯಿತು. ಎಂಟು ನಾಟಕ ತಂಡಗಳು ಯಾರೂ ಕರೆಯದೆ ತಾವಾಗಿಯೇ ಬಂದು, ಸಿಕ್ಕ ಜಾಗದಲ್ಲಿ ಆಟ ಆಡಿಬಿಟ್ಟವು. ದೊಡ್ಡ ಹಬ್ಬದ ಅಂಚಿನಲ್ಲಿ ನಡೆದದ್ದರಿಂದ ಅದು ಫ್ರಿಂಜ್ ಆಯಿತು. ಈಗ ಸೀರೆಗಿಂತ ಕುಚ್ಚೇ ಉದ್ದವಾಗಿದೆ ಅನ್ನಿ. ಅದನ್ನು ನೋಡಿ ಬೇರೆ ಬೇರೆ ದೇಶಗಳಲ್ಲೂ ಇಂಥ ಹಬ್ಬ ಶುರುವಾದವು. ಅಮೆರಿಕದ ನ್ಯೂಯಾರ್ಕಿನಲ್ಲಿ 1997ರಲ್ಲಿ ಶುರುವಾಯಿತು.

ಆ ನ್ಯೂಯಾರ್ಕ್ ಹಬ್ಬದಲ್ಲಿ 1999ರಲ್ಲಿ ಒಂದು ವಿಚಿತ್ರ ನಾಟಕ ಆಡಿದರು. ನಮ್ಮ ಕಂಪನಿ ನಾಟಕಗಳ ಹಾಗೆ ಮಾತಿನ ನಡುನಡುವೆ ಹಾಡು, ಕುಣಿತ. ಹೆಸರು ಮಾತ್ರ ಮೂಗು ಮುಚ್ಚಿಕೊಳ್ಳುವಂಥದ್ದು: ‘ಯೂರಿನ್‌ಟೌನ್’. ಸಭ್ಯವಾಗಿ ಹೇಳೋದಾದರೆ ‘ಮೂತ್ರಪಟ್ಟಣ’! ಇಂಥ ಹೆಸರಿಟ್ಟರೆ ಯಾರು ಬಂದಾರು ಅಂತ ನಾಟಕದಲ್ಲೇ ಬರುವ ಸ್ಯಾಲಿ ಎಂಬ ಪುಟ್ಟ ಹುಡುಗಿ ಕೇಳ್ತಾಳೆ.

ಬರೆದವರು ಗ್ರೆಗ್ ಕೋಟಿಸ್, ಸಂಗೀತ ಮಾರ್ಕ್ ಹಾಲ್‌ಮನ್ ಅವರದು. ಹಾಡುಗಳನ್ನು ಇಬ್ಬರೂ ಸೇರಿ ಕಟ್ಟಿದರು. ಈ ಯೋಚನೆ ಹುಟ್ಟಿದ್ದು ಎಲ್ಲಿ ಅಂತೀರಿ? 1995ರಲ್ಲಿ ಕೋಟಿಸ್ ಪ್ಯಾರಿಸ್ ನಗರದಲ್ಲಿ ಓಡಾಡುತ್ತಿದ್ದರು. ಜೇಬಿನಲ್ಲಿ ದುಡ್ಡು ಕಮ್ಮಿ. ಅಲ್ಲಿನ ಬೀದಿಯ ಶೌಚಾಲಯಕ್ಕೆ ಹೋಗಬೇಕಾದರೆ ನಾಣ್ಯ ಹಾಕಬೇಕು. ಊಟಕ್ಕೆ ಖರ್ಚು ಮಾಡೋದೋ, ಒಂದಕ್ಕೆ ಹೋಗೋದಕ್ಕೆ ಖರ್ಚು ಮಾಡೋದೋ ಎಂದು ಲೆಕ್ಕ ಹಾಕುತ್ತಾ ನಡೆದವರ ತಲೆಯಲ್ಲಿ ನಾಟಕ ಮೊಳಕೆಯೊಡೆಯಿತು.

ಕಥೆ ಕೇಳಿ. ಮುಂದೊಂದು ಕಾಲದ ಒಂದು ಪಟ್ಟಣ. ಇಪ್ಪತ್ತು ವರ್ಷದಿಂದ ಬರ. ಮನೆಯಲ್ಲಿ ಶೌಚಾಲಯ ಇಟ್ಟುಕೊಳ್ಳುವ ಮಾತೇ ಇಲ್ಲ. ಊರಿನ ಶೌಚಾಲಯಗಳೆಲ್ಲ ಒಂದೇ ಕಂಪನಿಯ ಕೈಯಲ್ಲಿ. ಅದರ ಯಜಮಾನ ಕ್ಲ್ಯಾಡ್‌ವೆಲ್ ಎಂಬ ಧಣಿ. ಬೆಳಗಾದರೆ ಬಡಬಗ್ಗರು ಕಾಸು ಹಿಡಿದು ಸಾಲುಗಟ್ಟಬೇಕು. ಕಾಸಿಲ್ಲದೆ ಬಯಲಲ್ಲಿ ಕೂತರೆ ಪೊಲೀಸರು ಹಿಡಿದು ‘ಮೂತ್ರಪಟ್ಟಣ’ಕ್ಕೆ ಕಳಿಸುತ್ತಾರೆ. ಹೋದವರು ಯಾರೂ ವಾಪಸು ಬಂದಿಲ್ಲ.

ಬಡವರ ಶೌಚಾಲಯ ನೋಡಿಕೊಳ್ಳುವಾಕೆ ಪೆನಿವೈಸ್ ಎಂಬ ಗಟ್ಟಿಗಿತ್ತಿ. ಕೈಕೆಳಗೆ ಬಾಬಿ ಎಂಬ ಹುಡುಗ. ಒಂದು ದಿನ ಬಾಬಿಯ ತಂದೆಯೇ ಕಾಸಿಲ್ಲದೆ ಬಂದು ಬೇಡುತ್ತಾನೆ. ಪೆನಿವೈಸ್ ಕರಗೋದಿಲ್ಲ. ಮುದುಕನಿಗೆ ತಡೆಯಲಾಗದೆ ಬೀದಿಯಲ್ಲೇ ಆಗಿಹೋಗುತ್ತದೆ, ಪೊಲೀಸರು ಎಳೆದೊಯ್ಯುತ್ತಾರೆ. ಇತ್ತ ಧಣಿಯ ಮಗಳು ಹೋಪ್ ಓದು ಮುಗಿಸಿ ಬಂದಿದ್ದಾಳೆ. ಮನಸ್ಸು ಹೇಳಿದಂತೆ ಮಾಡು ಅಂತ ಬಾಬಿಗೆ ಅವಳೇ ಹೇಳುತ್ತಾಳೆ. ಮರುದಿನ ಬಾಬಿ ಬಾಗಿಲನ್ನು ಎಲ್ಲರಿಗೂ ಬಿಟ್ಟಿಯಾಗಿ ತೆರೆದುಬಿಡುತ್ತಾನೆ!

ಆಮೇಲೆ ಗಲಾಟೆಯೋ ಗಲಾಟೆ. ಧಣಿ ಪೆಟ್ಟಿಗೆ ತುಂಬ ಹಣ ತೋರಿಸಿದರೂ ಬಾಬಿ ಒಪ್ಪೋದಿಲ್ಲ. ಆಗ ಅವನನ್ನು ಮೂತ್ರಪಟ್ಟಣಕ್ಕೆ ಕಳಿಸುತ್ತಾರೆ. ಆ ಪಟ್ಟಣ ಎಲ್ಲಿದೆ ಗೊತ್ತೇ? ಎಲ್ಲೂ ಇಲ್ಲ. ಎತ್ತರದ ಮಾಳಿಗೆಯಿಂದ ಕೆಳಕ್ಕೆ ನೂಕಿಬಿಡೋದು, ಅಷ್ಟೇ.

ಇದೆಲ್ಲ ತಮಾಷೆಯ ಹಾಡಿನಲ್ಲಿ ನಡೆಯುತ್ತದೆ. ಜನ ಹೊಟ್ಟೆ ಹಿಡಿದು ನಕ್ಕರು. ಹಬ್ಬದಲ್ಲಿ ಮೆಚ್ಚುಗೆ ಪಡೆದ ನಾಟಕ ಬ್ರಾಡ್‌ವೇಗೆ, ಅಂದರೆ ನ್ಯೂಯಾರ್ಕಿನ ಅತಿ ದೊಡ್ಡ ರಂಗಮಂದಿರಗಳ ಬೀದಿಗೆ ಹತ್ತಿತು. 2001ರ ಸೆಪ್ಟೆಂಬರ್ 13ಕ್ಕೆ ಮೊದಲ ಆಟ ಅಂತ ಗೊತ್ತಾಗಿತ್ತು. ಎರಡೇ ದಿನ ಮುಂಚೆ ಆ ಊರಿನ ಅವಳಿ ಗೋಪುರಗಳು ಉರುಳಿದವು. ವಾರ ತಡೆದು 20ಕ್ಕೆ ಪರದೆ ಎತ್ತಿದರು. ಅಳುತ್ತಿದ್ದ ಊರು ಈ ನಾಟಕ ನೋಡಲು ಬಂತು. 2002ರಲ್ಲಿ ಕಥೆಗೆ, ಸಂಗೀತಕ್ಕೆ, ನಿರ್ದೇಶನಕ್ಕೆ ಮೂರು ಟೋನಿ ಪ್ರಶಸ್ತಿಗಳು. 2004ರ ಜನವರಿವರೆಗೆ 965 ಆಟಗಳಾದವು.

ಗಂಡಸರು ನಕ್ಕು ಮರೆತಾರು, ಆದರೆ ಹೆಂಗಸರಿಗೆ ಇದು ಬರೀ ತಮಾಷೆ ಅಲ್ಲ ಕಣ್ರೀ. ಬಸ್ಸಿನಲ್ಲಿ ದೂರದೂರಿಗೆ ಹೊರಟಾಗ ಹಿಂದಿನ ರಾತ್ರಿಯಿಂದಲೇ ನೀರು ಕಮ್ಮಿ ಕುಡಿಯುವವರು ನಾವಲ್ಲದೆ ಮತ್ಯಾರು? ಅಮೆರಿಕದಲ್ಲೂ ಇದೇ ಗೋಳಿತ್ತು. ಅಲ್ಲಿನ ಸಾರ್ವಜನಿಕ ಶೌಚಾಲಯಗಳಲ್ಲಿ ಗಂಡಸರು ನಿಂತು ಹೋಗುವ ಕಡೆ ಬಿಟ್ಟಿ. ಹೆಂಗಸರು ಹೋಗಬೇಕಾದ ಕೋಣೆಗಳ ಬಾಗಿಲಿಗೆ ನಾಣ್ಯ ಹಾಕುವ ಬೀಗ. ಕ್ಯಾಲಿಫೋರ್ನಿಯಾದ ಶಾಸಕಿ ಮಾರ್ಚ್ ಫಾಂಗ್ ಯು 1969ರಲ್ಲಿ ಶಾಸನಸಭೆಯ ಮೆಟ್ಟಿಲ ಮೇಲೆ ಸರಪಳಿ ಸುತ್ತಿದ ಕಕ್ಕಸಿನ ಪಿಂಗಾಣಿಯನ್ನಿಟ್ಟು ಸುತ್ತಿಗೆಯಿಂದ ಒಡೆದು ಹಾಕಿದರು! 1974ರಲ್ಲಿ ಆ ರಾಜ್ಯದಲ್ಲಿ ಕಾಸಿನ ಶೌಚಾಲಯದ ವಿರುದ್ಧ ಕಾಯಿದೆಯೇ ಬಂತು. ಭಲೇ ಹೆಣ್ಣೇ ಅನ್ನಬೇಕು.

ಹಾಗಾದರೆ ನಾಟಕದ ನೀತಿ ‘ಎಲ್ಲ ಬಿಟ್ಟಿ ಕೊಡಿ’ ಅಂತಲೋ? ಅಲ್ಲೇ ಇರೋದು ಸ್ವಾರಸ್ಯ. ಧಣಿ ಸೋಲುತ್ತಾನೆ, ಅವನನ್ನೂ ಅದೇ ಮಾಳಿಗೆಯಿಂದ ನೂಕುತ್ತಾರೆ. ಮಗಳು ಹೋಪ್ ಅಧಿಕಾರಕ್ಕೆ ಬಂದು ಶೌಚಾಲಯಗಳನ್ನೆಲ್ಲ ತೆರೆದಿಡುತ್ತಾಳೆ. ಯಾರು ಎಷ್ಟು ಸಲ ಬೇಕಾದರೂ ಹೋಗಿ, ಎಷ್ಟು ಬೇಕಾದರೂ ಬಳಸಿ. ಊರೆಲ್ಲ ಸಂಭ್ರಮ. ಸ್ವಲ್ಪ ಕಾಲಕ್ಕೆ ಇದ್ದ ನೀರೂ ಮುಗಿಯುತ್ತದೆ. ಜನ ಬಾಯಾರಿ ಸಾಯುತ್ತಾರೆ. ಧಣಿ ದುರಾಸೆಯವನೇ, ಕೊಲೆಗಡುಕನೇ. ಆದರೆ ನೀರು ಕಮ್ಮಿ ಇದೆ ಎಂಬ ಅವನ ಮಾತು ಸುಳ್ಳಾಗಿರಲಿಲ್ಲ! ಜನ ಬೆಳೆದಷ್ಟು ಅನ್ನ ಬೆಳೆಯದು ಎಂದು 1798ರಲ್ಲೇ ಬರೆದ ಮಾಲ್ತಸ್ ಎಂಬ ಪಂಡಿತನಿಗೆ ಜೈಕಾರ ಹಾಕಿ ನಾಟಕ ಮುಗಿಯುತ್ತದೆ.

ಮಾಲ್ತಸ್ ಮಾತು ಪಂಡಿತರಿಗಿರಲಿ. ನನಗೆ ಕಂಡದ್ದು ಅಡಿಗೆಮನೆಯ ಸತ್ಯ. ಧಣಿಗೆ ಲೆಕ್ಕ ಗೊತ್ತಿತ್ತು, ಕರುಣೆ ಇರಲಿಲ್ಲ. ಮಗಳಿಗೆ ಕರುಣೆ ಇತ್ತು, ಲೆಕ್ಕ ಗೊತ್ತಿರಲಿಲ್ಲ. ಎರಡೂ ಒಂದೇ ಕೈಯಲ್ಲಿ ಇರಬೇಕು. ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಮನೆಯ ಗೃಹಿಣಿ ಏನು ಮಾಡ್ತಾಳೆ? ಕುಡಿಯೋದಕ್ಕೆ ಮೊದಲ ಕೊಡ ಎತ್ತಿಡ್ತಾಳೆ. ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಬಚ್ಚಲಿಗೆ. ಹಾಗಂತ ಮನೆಗೆ ಬಂದ ನೆಂಟರಿಗೆ ಬಚ್ಚಲಿಗೆ ಹೋಗಬೇಡಿ ಅನ್ನುತ್ತಾಳೆಯೇ? ಯಾರಿಗೂ ಇಲ್ಲ ಅನ್ನದೆ, ಯಾರೂ ಪೋಲು ಮಾಡದ ಹಾಗೆ ನಡೆಸುತ್ತಾಳೆ. ಯಾವ ವಿದ್ಯಾಲಯವೂ ಕಲಿಸದ ವಿದ್ಯೆ ಇದು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಹೇಳಬೇಕಾಯಿತು. ಆ ಬುದ್ಧಿ ಕೊಳವೆಬಾವಿ ಬತ್ತುವ ಮುಂಚೆಯೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

ಇನ್ನೊಂದು ಮಾತು, ತಾಯಂದಿರೇ. ನೀರು ಉಳಿಸುವ ಭರದಲ್ಲಿ ಕುಡಿಯುವುದನ್ನು ಕಮ್ಮಿ ಮಾಡಬೇಡಿ. ನೀರು ಕುಡಿಯದೆ, ಗಂಟೆಗಟ್ಟಲೆ ತಡೆದುಕೊಂಡರೆ ಉರಿಮೂತ್ರ, ಸೋಂಕಿಗೆ ದಾರಿಯಾಗುತ್ತದೆ. ಶಾಲೆಗೆ ಹೋಗುವ ಹೆಣ್ಣುಮಕ್ಕಳನ್ನು ಸಂಜೆ ಒಮ್ಮೆ ಮೆಲ್ಲಗೆ ಕೇಳಿ ನೋಡಿ: ಅಲ್ಲಿ ಶೌಚಾಲಯ ಇದೆಯೇ, ನೀರು ಬರುತ್ತದೆಯೇ, ಬಾಗಿಲಿಗೆ ಚಿಲಕ ಇದೆಯೇ? ಇಲ್ಲ ಅಂದರೆ ನಾಲ್ಕು ಜನ ತಾಯಂದಿರು ಕೂಡಿ ಹೋಗಿ ಕೇಳಿ. ಸುತ್ತಿಗೆ ಬೇಡ, ಗಟ್ಟಿ ದನಿ ಸಾಕು. ಇದರಲ್ಲಿ ನಾಚಿಕೆ ಏನು ಬಂತು, ಅಲ್ವೇ?