ರಾತ್ರಿ ಹತ್ತಕ್ಕೋ, ಬೆಳಗಿನ ಐದಕ್ಕೋ?

ರಾತ್ರಿ ಹತ್ತೂವರೆಗೆ ಗಾಂಧಿನಗರದಲ್ಲಿ ನಿಂತರೆ ಅರ್ಧ ಕರ್ನಾಟಕ ಊರಿಗೆ ಹೊರಟ ಹಾಗೆ ಕಾಣುತ್ತದೆ. ಆನಂದರಾವ್ ಸರ್ಕಲ್ ಸುತ್ತ ಖಾಸಗಿ ಬಸ್ಸುಗಳು ಒಂದರ ಹಿಂದೊಂದು ನಿಂತಿರುತ್ತವೆ. ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಕಂಡಕ್ಟರುಗಳು ಹಾಸನ, ಧರ್ಮಸ್ಥಳ, ಮಂಗಳೂರು ಎಂದು ಕೂಗುತ್ತಿರುತ್ತಾರೆ. ಮಗುವನ್ನು ಹೆಗಲಿಗೆ ಹಾಕಿಕೊಂಡ ಅಪ್ಪಂದಿರು, ಹೊದಿಕೆಯ ಗಂಟು ಹಿಡಿದ ಅಜ್ಜಿಯರು ರಸ್ತೆ ದಾಟುತ್ತಿರುತ್ತಾರೆ. ಇದನ್ನೇ ನೋಡಿಕೊಂಡು ಬೆಳೆದ ನಮ್ಮಂಥವರಿಗೆ ದೂರದ ಪ್ರಯಾಣ ಅಂದರೆ ರಾತ್ರಿ ಪ್ರಯಾಣ. ಮನೆಗೆ ಕಾರು ಬಂದ ಮೇಲೂ ಆ ಅಭ್ಯಾಸ ಹೋಗಲಿಲ್ಲ.

ಶ್ರಾವಣದಲ್ಲಿ ಮಂಗಳೂರಿನಲ್ಲಿ ನಮ್ಮ ಸೋದರತ್ತೆಯ ಮಗಳ ಮನೆ ಗೃಹಪ್ರವೇಶ. ಭಾನುವಾರ ಮುಹೂರ್ತ, ಎರಡು ಕಾರು, ಒಂಬತ್ತು ಜನ. ದಾರಿಯ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಹೊರಡುವ ಹೊತ್ತಿನದು.

"ಶುಕ್ರವಾರ ಆಫೀಸ್ ಮುಗಿಸ್ಕೊಂಡು, ಊಟ ಮಾಡಿ ಹತ್ತಕ್ಕೆ ಹೊರಟ್ರೆ ಬೆಳಗ್ಗೆ ಐದಕ್ಕೆ ಮಂಗ್ಳೂರು. ಶನಿವಾರ ಪೂರ್ತಿ ಕೈಲಿರತ್ತೆ ಕಣೋ" ಅನ್ನುತ್ತಾರೆ ಭಾವ.

"ಶನಿವಾರ ಬೆಳಗ್ಗೆ ಐದಕ್ಕೆ ಹೊರಡೋಣ ಭಾವ, ಮಧ್ಯಾಹ್ನ ಊಟಕ್ಕೆ ಅಲ್ಲಿರ್ತೀವಿ" ಅನ್ನುತ್ತೇನೆ ನಾನು.

ಈ ವಾದ ನಮ್ಮ ಮನೆಯದು ಮಾತ್ರವಲ್ಲ. ಚಾಮರಾಜಪೇಟೆಯಲ್ಲಿ, ಮಲ್ಲೇಶ್ವರದಲ್ಲಿ, ಊರಿನ ನಂಟು ಬಿಡದ ಪ್ರತಿ ಮನೆಯಲ್ಲೂ ಹಬ್ಬದ ಮುಂಚೆ ನಡೆಯುವಂಥದು. ಭಾವನ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಹತ್ತು ವರ್ಷ ನಾನೂ ಅವರ ಕಡೆಯವನೇ ಆಗಿದ್ದೆ.

ರಾತ್ರಿಯ ಪಕ್ಷದಲ್ಲಿ ಮೊದಲು ಬರುವುದು ಬೆಂಗಳೂರಿನಿಂದ ಹೊರಬೀಳುವ ಕಷ್ಟ. ಗಾಂಧಿನಗರದಿಂದ ಓಕಳಿಪುರ, ಯಶವಂತಪುರ, ಗೊರಗುಂಟೆಪಾಳ್ಯ, ಪೀಣ್ಯದ ಫ್ಲೈಓವರ್, ಆಮೇಲೆ ನೆಲಮಂಗಲ. ರಾತ್ರಿ ಹತ್ತರ ಮೇಲೆ ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಈ ದಾರಿ ಸಾಲು ರಜೆಯ ಶನಿವಾರ ಎಂಟಕ್ಕೆ ಹೊರಟವನಿಂದ ಎರಡು ಗಂಟೆ ಕಿತ್ತುಕೊಳ್ಳುತ್ತದೆ. ಎರಡನೆಯದು ರಜೆ. ವಾರಾಂತ್ಯದಲ್ಲಷ್ಟೇ ಬಿಡುವಿರುವವರಿಗೆ ಶನಿವಾರದ ಹಗಲನ್ನು ಸ್ಟೀರಿಂಗ್ ಹಿಂದೆ ಕಳೆ ಎನ್ನುವುದು ಸುಲಭದ ಮಾತಲ್ಲ. ಮಕ್ಕಳು ಕುಣಿಗಲ್ ಬರುವ ಮೊದಲೇ ಮಲಗಿ ಬಿ.ಸಿ. ರೋಡಿನಲ್ಲಿ ಏಳುತ್ತಾರೆ, ವಾಂತಿಯಿಲ್ಲ, ರಚ್ಚೆಯಿಲ್ಲ. ಏಪ್ರಿಲ್, ಮೇ ತಿಂಗಳಲ್ಲಾದರೆ ಬಿಸಿಲಿಲ್ಲ, ಟೈರು ಕಾಯುವುದಿಲ್ಲ. ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೋಗುವವರು ಮುಂಜಾನೆ ಮುಟ್ಟಿ ಸ್ನಾನ ಮಾಡಿ ಬೆಳಗಿನ ದರ್ಶನಕ್ಕೆ ನಿಲ್ಲಬಹುದು.

ರಾತ್ರಿ ಎಂದರೆ ಅಪಘಾತ ಎಂದು ಹಿರಿಯರು ಹೇಳುವುದನ್ನೂ ಸ್ವಲ್ಪ ತೂಗಿ ನೋಡಬೇಕು. ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ಅಪಘಾತ ವರದಿಗಳಲ್ಲಿ ಈಚಿನ ವರ್ಷಗಳಲ್ಲಿ ಅತಿ ಹೆಚ್ಚು ಅಪಘಾತ ದಾಖಲಾಗುವುದು ಸಂಜೆ 6ರಿಂದ 9ರ ನಡುವೆ, ಒಟ್ಟಿನ ಸುಮಾರು ಐದನೇ ಒಂದು ಪಾಲು. ಮಧ್ಯರಾತ್ರಿ ಕಳೆದ ಮೇಲೆ ಎಣಿಕೆ ಇಳಿಯುತ್ತದೆ. ಭಾವ ಇದನ್ನು ಹಿಡಿದೇ ವಾದಿಸುತ್ತಾರೆ. ಆದರೆ ಆ ಹೊತ್ತಿನಲ್ಲಿ ರಸ್ತೆಯ ಮೇಲಿರುವ ಗಾಡಿಗಳೂ ಕಡಿಮೆ ಅನ್ನುವುದನ್ನು ಮರೆಯುತ್ತಾರೆ. ಆ ಹೊತ್ತಿನಲ್ಲಿ ಓಡುವ ಒಂದೊಂದು ಗಾಡಿಯ ಅಪಾಯ ಎಷ್ಟು ಅನ್ನುವುದಕ್ಕೆ ಈ ಎಣಿಕೆ ಉತ್ತರ ಕೊಡುವುದಿಲ್ಲ. ಹಾಗಿದ್ದೂ ಇದು ಹಗಲಿನವರಿಗೂ ಒಂದು ಎಚ್ಚರಿಕೆ: ಹಗಲಲ್ಲಿ ಹೊರಟು ದಾರಿಯಲ್ಲಿ ತಡಮಾಡಿ ಮುಸ್ಸಂಜೆಗೆ ಊರು ಮುಟ್ಟುವವನು ಅಪಘಾತದ ಎಣಿಕೆ ಅತಿ ಹೆಚ್ಚಿರುವ ಹೊತ್ತಿಗೆ ಸಿಕ್ಕಿಬೀಳುತ್ತಾನೆ.

ಈಗ ನನ್ನ ಪಕ್ಷ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಸುಮಾರು 350 ಕಿಲೋಮೀಟರ್. ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ ದಾಟಿ ಹಾಸನದವರೆಗೆ ಅಗಲವಾದ ರಸ್ತೆ. ನಡುವಿನ ಡಿವೈಡರಿನಲ್ಲಿ ಬೆಳೆದ ಕಣಗಿಲೆ ಗಿಡ ಎದುರು ಗಾಡಿಯ ಬೆಳಕನ್ನು ತಡೆಯುತ್ತದೆ. ಅಲ್ಲಿಯವರೆಗೆ ರಾತ್ರಿಗೂ ಹಗಲಿಗೂ ಅಂಥ ಅಂತರವಿಲ್ಲ. ಸಕಲೇಶಪುರ ದಾಟಿ, ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯ ಪಕ್ಕದಲ್ಲಿ ಹಾದ ಮೇಲೆ ಕಥೆ ಬೇರೆ. ಸುಮಾರು 900 ಮೀಟರ್ ಎತ್ತರದಿಂದ ರಸ್ತೆ ಶಿರಾಡಿ ಘಟ್ಟದಲ್ಲಿ ಗುಂಡ್ಯದ ಕಡೆ ಇಳಿಯುತ್ತದೆ. ಪಕ್ಕದಲ್ಲಿ ಕೆಂಪುಹೊಳೆ, ಎದುರಿಗೆ ಟ್ಯಾಂಕರುಗಳ ಸಾಲು. ಕಣಗಿಲೆಯ ಆಸರೆ ಇಲ್ಲ. ಫೋನು ಎಷ್ಟೋ ಕಡೆ ಸಿಗುವುದಿಲ್ಲ.

ಹತ್ತಕ್ಕೆ ಹೊರಟವನು ಈ ಘಟ್ಟವನ್ನು ಎಷ್ಟು ಹೊತ್ತಿಗೆ ಮುಟ್ಟುತ್ತಾನೆ? ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ಹನ್ನೊಂದೂಕಾಲಕ್ಕೆ ಕುಣಿಗಲ್. ಒಂದೂಕಾಲಕ್ಕೆ ಹಾಸನ. ಎರಡೂಕಾಲಕ್ಕೆ ಸಕಲೇಶಪುರ. ಅಲ್ಲಿಂದ ಮುಂದಿನ ಒಂದು ಗಂಟೆ ಶಿರಾಡಿ. ಮನುಷ್ಯನ ಮೈ ನಿದ್ದೆಗೆ ಅತಿ ಹೆಚ್ಚು ಎಳೆಯುವುದು ಎರಡರಿಂದ ಐದರ ಒಳಗೆ. ಅಂದರೆ ದಾರಿಯ ಅತಿ ಕಷ್ಟದ ತುಂಡೂ ಮೈಯ ಅತಿ ಕಷ್ಟದ ಹೊತ್ತೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಹತ್ತು ವರ್ಷ ಓಡಾಡಿದರೂ ಇದನ್ನು ನಾನು ಕಾಗದದ ಮೇಲೆ ಇಟ್ಟು ನೋಡಿರಲಿಲ್ಲ.

ಅದೇ ಹಾಳೆಯ ಇನ್ನೊಂದು ಬದಿಯಲ್ಲಿ ಡ್ರೈವರನ ದಿನ ಬರೆದೆ. ಶುಕ್ರವಾರ ಬೆಳಗ್ಗೆ ಆರಕ್ಕೆ ಎದ್ದವನು ರಾತ್ರಿ ಹನ್ನೊಂದಕ್ಕೆ, ಕುಣಿಗಲ್ ಮುಟ್ಟುವ ಮೊದಲೇ, ಹದಿನೇಳು ಗಂಟೆ ಎಚ್ಚರವಾಗಿರುತ್ತಾನೆ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟ ವಿಷಯ ಇದು: ಹದಿನೇಳು ಗಂಟೆ ಎಚ್ಚರವಿದ್ದವನ ಕೈಕಣ್ಣಿನ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇದ್ದವನಷ್ಟೇ ಮಂದವಾಗಿರುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆ ಇಟ್ಟಿರುವ ಮಿತಿ 30 ಮಿಲಿಗ್ರಾಂ. ಜೀವಮಾನದಲ್ಲಿ ಒಂದು ಹನಿ ಕುಡಿಯದ ನನ್ನ ಭಾವ ಘಟ್ಟದ ತಲೆಗೆ ಬರುವಾಗ ಇಪ್ಪತ್ತು ಗಂಟೆ ನಿದ್ದೆಗೆಟ್ಟಿರುತ್ತಾರೆ. ಹಿಂದಿನ ಸೀಟಿನಲ್ಲಿ ಅಕ್ಕ, ಮಕ್ಕಳು.

ನನಗೆ ಇದು ಹಾಳೆಯ ಮೇಲಿನ ಲೆಕ್ಕ ಮಾತ್ರವಲ್ಲ. ಕೆಲವು ವರ್ಷಗಳ ಹಿಂದೆ ಇದೇ ದಾರಿ, ಇಂಥದೇ ಶುಕ್ರವಾರ. ಹಾಸನ ದಾಟಿ ಆಲೂರಿನ ಹತ್ತಿರ ರಸ್ತೆ ಪಕ್ಕದ ಬಿಳಿ ಗೆರೆಯ ಮೇಲೆ ಟೈರು ಗರಗರ ಅಂದಿತು. ಕಣ್ಣು ತೆರೆದೇ ಇತ್ತು ಎಂದು ಇವತ್ತಿಗೂ ಪ್ರಮಾಣ ಮಾಡಬಲ್ಲೆ. ಆದರೆ ಅದಕ್ಕೆ ಹಿಂದಿನ ಒಂದೆರಡು ಕಿಲೋಮೀಟರು ಹೇಗೆ ಬಂದೆ ಅನ್ನುವುದು ನೆನಪಿನಲ್ಲಿ ಇಲ್ಲವೇ ಇಲ್ಲ. ಎಂಬತ್ತರ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡಿನ ತೂಕಡಿಕೆಗೆ ಸುಮಾರು 90 ಮೀಟರ್. ಹೆಂಡತಿ ಏನೂ ಕೇಳದೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಕಾಫಿ ಬಗ್ಗಿಸುವಾಗ ಅವಳ ಕೈ ನಡುಗುತ್ತಿತ್ತು, ಬಟ್ಟಲು ಪಕ್ಕದ ಹಿಡಿಗೆ ತಾಗಿ ಟಿಣ್ ಟಿಣ್ ಅನ್ನುತ್ತಿತ್ತು. ಮುಂದೆ ಸಿಕ್ಕ ಪೆಟ್ರೋಲ್ ಬಂಕಿನ ದೀಪದ ಕೆಳಗೆ ಕಾರು ನಿಲ್ಲಿಸಿ, ಸೀಟು ಹಿಂದಕ್ಕೆ ವಾಲಿಸಿ, ಬೆಳಕು ಹರಿಯುವವರೆಗೆ ಮಲಗಿದೆ.

ಮಳೆಗಾಲದ ಘಟ್ಟಕ್ಕೆ ಇನ್ನೂ ಒಂದು ಲೆಕ್ಕವಿದೆ. 2018ರ ಆಗಸ್ಟಿನಲ್ಲಿ ಸಂಪಾಜೆ ದಾರಿಯ ಜೋಡುಪಾಲದಲ್ಲಿ ಗುಡ್ಡ ಜಾರಿತು. ಮರುವರ್ಷದ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟದಲ್ಲಿ. 2024ರ ಜುಲೈಯಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಮಣ್ಣು ಕುಸಿದು ಶಿರಾಡಿಯ ಸಂಚಾರ ನಿಂತಿತು. 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟು ಹಾಕಿದ್ದರಿಂದ ಹಳ್ಳಕೊಳ್ಳದ ಕಾಟ ತಪ್ಪಿದ್ದು ನಿಜ, ಗುಡ್ಡದ ಭಯ ತಪ್ಪಿಲ್ಲ. ಹಗಲಲ್ಲಾದರೆ ರಸ್ತೆ ಮುಚ್ಚಿದ ಸುದ್ದಿ ಹಾಸನದಲ್ಲೇ ತಿಳಿಯುತ್ತದೆ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿಗೆ ತಿರುಗಿಕೊಳ್ಳಬಹುದು, ಆ ದಾರಿ ತೆರೆದಿದೆಯೇ ಎಂದು ನಾಲ್ಕು ಜನರನ್ನು ಕೇಳಬಹುದು. ರಾತ್ರಿ ಎರಡೂವರೆಗೆ ಮಾರನಹಳ್ಳಿಯಲ್ಲಿ ಲಾರಿಗಳ ಹಿಂದೆ ನಿಂತವನಿಗೆ ಯಾರನ್ನು ಕೇಳಬೇಕು ಅನ್ನುವುದೂ ತಿಳಿಯುವುದಿಲ್ಲ. ಹೆದ್ದಾರಿಯ ಸಹಾಯವಾಣಿ 1033 ಇದೆ, 112 ಇದೆ. ಸಿಗ್ನಲ್ ಇದ್ದರೆ.

ಹಗಲಿನವರು ಗೆದ್ದೇಬಿಟ್ಟರು ಅನ್ನುವಂತಿಲ್ಲ. "ಬೆಳಗಿನ ಜಾವಕ್ಕೆ ಹೊರಡೋಣ" ಅನ್ನುವವರಲ್ಲಿ ನಾಲ್ಕರಲ್ಲಿ ಮೂವರು ಹಿಂದಿನ ರಾತ್ರಿ ಹನ್ನೆರಡಕ್ಕೆ ಮಲಗುತ್ತಾರೆ. ಬ್ಯಾಗು ತುಂಬಬೇಕು, ದಾರಿಗೆ ಚಪಾತಿ ಸುತ್ತಬೇಕು, ಗ್ಯಾಸು ಆರಿಸಿದ್ದೇವೆಯೇ ಎಂದು ಎರಡು ಸಲ ನೋಡಬೇಕು. ಮೂರೂವರೆಗೆ ಅಲಾರಂ. ಮೂರೂವರೆ ಗಂಟೆ ನಿದ್ದೆ ಮಾಡಿ ನಾಲ್ಕೂವರೆಗೆ ಹೊರಟವನು ರಾತ್ರಿ ಪ್ರಯಾಣದವನಿಗಿಂತ ಹೆಚ್ಚು ಸುರಕ್ಷಿತ ಎಂದು ನಾನು ಒಪ್ಪುವುದಿಲ್ಲ. ಇದರಲ್ಲಿ ಹೆಂಗಸರ ಪಾಡು ಇನ್ನೂ ಬೇರೆ: ಎಲ್ಲರಿಗಿಂತ ತಡವಾಗಿ ಮಲಗಿ ಮೊದಲು ಏಳುವವರು ಅವರೇ. ಐದಕ್ಕೆ ಹೊರಡುವ ಯೋಜನೆ ನಿಜವಾಗಿ ಶುರುವಾಗಬೇಕಾದ್ದು ಶುಕ್ರವಾರ ರಾತ್ರಿ ಒಂಬತ್ತಕ್ಕೆ ದೀಪ ಆರಿಸುವಲ್ಲಿ. ಅದಕ್ಕೆ ಬ್ಯಾಗು ಗುರುವಾರವೇ ತುಂಬಿರಬೇಕು.

ಹಾಗೆ ಮಾಡಿದರೆ ಸಿಗುವುದೂ ಬೇಕಾದಷ್ಟಿದೆ. ಕುಣಿಗಲ್ ಹತ್ತಿರ ಬೆಳಕಾಗುತ್ತದೆ. ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದು ಅಮ್ಮನಿಗೆ ಒಂದು ಸಲ ಕೆಳಗಿಳಿದು ಕಾಲಾಡಿಸಲು ಬಿಡುವು. ತಿಂಡಿ ಮುಗಿಸಿ ಒಂಬತ್ತಕ್ಕೆ ಹಾಸನ, ಹತ್ತರ ಸುಮಾರಿಗೆ ಸಕಲೇಶಪುರ. ಶ್ರಾವಣದ ಘಟ್ಟವನ್ನು ಕಣ್ಣಿನಿಂದ ನೋಡುವುದು ಕಡಿಮೆ ಭಾಗ್ಯವಲ್ಲ. ಇದೇ ಘಟ್ಟದಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ 57 ಸುರಂಗ ಹಾಯುವ ರೈಲನ್ನು ನಾವು ವರ್ಷಗಟ್ಟಲೆ ರಾತ್ರಿಯಲ್ಲೇ ಹತ್ತಿ ನಿದ್ದೆಯಲ್ಲೇ ಕಳೆದೆವು. 2021ರ ಜುಲೈಯಲ್ಲಿ ಯಶವಂತಪುರದ ಹಗಲು ರೈಲಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಬಂದಾಗ ಜನ ಮುಗಿಬಿದ್ದು ಟಿಕೆಟ್ ತೆಗೆಸಿದರು. ಹಗಲಿಗೆ ಅದರದೇ ಬೆಲೆ ಇದೆ.

ರಾತ್ರಿಯೇ ಹೋಗಬೇಕು, ಬೇರೆ ದಾರಿಯಿಲ್ಲ ಅನ್ನುವವರಿಗೆ ಕೆಂಪೇಗೌಡ ನಿಲ್ದಾಣದ ಬಸ್ಸುಗಳಿವೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಡ್ರೈವರನಿಗೆ ದಿನಕ್ಕೆ ಎಂಟು ಗಂಟೆಯ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆಯ ಬಿಡುವು ಎಂದು ಹೇಳುತ್ತಿತ್ತು. ರಾತ್ರಿ ಓಡಿಸುವುದೇ ಕಸುಬಾದವನು ಹಗಲು ಮಲಗಿ ಬಂದಿರುತ್ತಾನೆ ಎಂಬ ನಂಬಿಕೆಯ ಮೇಲೆ ನಾವು ಆ ಬಸ್ಸು ಹತ್ತುತ್ತೇವೆ. ಆ ನಂಬಿಕೆ ಎಲ್ಲ ಕಡೆ ಉಳಿದಿದೆ ಎಂದಲ್ಲ. ನಿದ್ದೆಯೊಂದೇ ಭಯವೂ ಅಲ್ಲ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಹೊತ್ತಿ ಉರಿದದ್ದನ್ನು ಯಾರೂ ಮರೆತಿಲ್ಲ. ಹಾಗಿದ್ದರೂ ಶುಕ್ರವಾರವಿಡೀ ದುಡಿದು ಸುಸ್ತಾದವನು ಸ್ಟೀರಿಂಗ್ ಹಿಡಿಯುವುದಕ್ಕಿಂತ ಸರ್ಕಾರಿ ಬಸ್ಸಿನ ಸೀಟಿನಲ್ಲಿ ತೂಕಡಿಸುವುದು ಮೇಲು ಅನ್ನುವುದು ನನ್ನ ಗಟ್ಟಿ ನಂಬಿಕೆ. ಇನ್ನೊಂದು ನಡುದಾರಿ, ಹಾಸನದಲ್ಲಿ ತಂಗುವುದು. ರಾತ್ರಿ ಒಂಬತ್ತಕ್ಕೆ ಬಿಟ್ಟು ಹನ್ನೆರಡೂವರೆಗೆ ಲಾಡ್ಜು ಸೇರಿ, ಏಳಕ್ಕೆ ಎದ್ದು ಘಟ್ಟ ಇಳಿಯುವುದು. ಬೆಂಗಳೂರಿನ ಜಾಮೂ ತಪ್ಪುತ್ತದೆ, ಘಟ್ಟವೂ ಬೆಳಕಿಗೆ ಸಿಗುತ್ತದೆ. ಎರಡು ರೂಮಿನ ಬಾಡಿಗೆ ಹೆಚ್ಚಿನ ಖರ್ಚು. ಕೊನೆಯ ಐವತ್ತು ಕಿಲೋಮೀಟರು ಆಯಾಸದಲ್ಲೇ ಓಡಿಸಬೇಕು, ಅದನ್ನು ಮುಚ್ಚಿಡಲಾರೆ.

ಹಾಳೆಯನ್ನು ಭಾವನ ಮುಂದೆ ಇಟ್ಟೆ. ತುಂಬ ಹೊತ್ತು ನೋಡಿದರು. "ಅರ್ಧ ದಿನ ರಜೆ ಹಾಕ್ತೀನಿ. ಎರಡಕ್ಕೆ ಬಂದು ಎಂಟರ ತನಕ ಮಲಗ್ತೀನಿ. ಹಾಸನದಿಂದಾಚೆ ಮಗಳು ಓಡಿಸ್ತಾಳೆ, ಅವಳಿಗೂ ಮಧ್ಯಾಹ್ನ ಮಲಗಕ್ಕೆ ಹೇಳ್ತೀನಿ. ಆಗಬಹುದಾ?" ಅಂದರು.

ಘಟ್ಟದ ತಲೆಯಲ್ಲಿ ಮಳೆ ಜೋರಾಗಿದ್ದರೆ ಸಕಲೇಶಪುರದಲ್ಲೇ ನಿಂತು ಬೆಳಕಾದ ಮೇಲೆ ಇಳಿಯಬೇಕು ಎಂದು ನಾನು ಒಂದು ಸಾಲು ಸೇರಿಸಿದೆ. ಒಪ್ಪಿದರು. ಅವರ ಕಾರು ಶುಕ್ರವಾರ ರಾತ್ರಿ ಹತ್ತಕ್ಕೆ ಹೊರಡುತ್ತದೆ, ನಮ್ಮದು ಶನಿವಾರ ಬೆಳಗ್ಗೆ ಐದಕ್ಕೆ. ಎರಡೂ ಕಾರಿಗೂ ಶುಕ್ರವಾರ ಸಂಜೆಯೇ ಅಣ್ಣಮ್ಮನ ಗುಡಿಯ ಮುಂದೆ ನಿಂಬೆಹಣ್ಣು ಇಡಿಸಿಬಿಡಿ ಎಂದು ಅಮ್ಮ ಒಳಗಿನಿಂದ ಕೂಗಿದರು. ಬ್ಯಾಗು ಗುರುವಾರವೇ ತುಂಬಬೇಕಾದ್ದರಿಂದ ಆ ದಿನ ಅಡುಗೆಗೆ ತಾವು ಕೂರುವುದಿಲ್ಲ, ಊಟ ಹೊರಗಿನಿಂದ ತರಬೇಕು ಅಂದರು.